ನೆಲ ಒರೆಸುತ್ತಿದ್ದ ಆ ಅಕ್ಕನಿಗೆ

ನಾನು ಕಾಸರಗೋಡಿನವಳು, ಬದಿಯಡ್ಕದ ಹತ್ತಿರ ಮನೆ. ಕನ್ನಡ, ತುಳು, ಮಲಯಾಳಂ, ಸ್ವಲ್ಪ ಕೊಂಕಣಿ ಬರುತ್ತದೆ. ಎಲ್ಲಿ ಹೋದರೂ ಮಾತಾಡಿ ಬರುತ್ತೇನೆ ಎಂಬ ಜಂಬ ಬೇರೆ. ಸೀಳುತುಟಿ ಆಪರೇಷನ್ ಶಿಬಿರಕ್ಕೆ ನರ್ಸಾಗಿ ಮಡಗಾಸ್ಕರ್‌ಗೆ ಹೋದಾಗ ಅದು ಒಂದೇ ದಿನಕ್ಕೆ ಇಳಿಯಿತು. ಅಲ್ಲಿ ಮಲಗಾಸಿ, ಇಲ್ಲವೇ ಫ್ರೆಂಚ್. ನನಗೆ ಎರಡೂ ಬಾರದು.

ಮಗುವಿಗೆ ಅರಿವಳಿಕೆ ಕೊಡುವ 4 ಗಂಟೆ ಮೊದಲೇ ಎದೆಹಾಲು ನಿಲ್ಲಿಸಬೇಕು. ಹೊಟ್ಟೆಯಲ್ಲಿ ಹಾಲಿದ್ದರೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಇದನ್ನು ಕೈಸನ್ನೆಯಲ್ಲಿ ಹೇಳುವುದು ಹೇಗೆ? ಮಗು ಒಂದೇ ಸಮ ಅಳುತ್ತಿತ್ತು. ಅಮ್ಮ ಇನ್ನೇನು ಹಾಲು ಕೊಡಬೇಕು, ಅಷ್ಟರಲ್ಲಿ ವಾರ್ಡ್ ಒರೆಸುತ್ತಿದ್ದ ನೀವು ಕೋಲನ್ನು ಗೋಡೆಗೆ ಒರಗಿಸಿ ಬಂದಿರಿ. ನನ್ನ ಮುಖ ನೋಡಿದಿರಿ, ಗಡಿಯಾರ ನೋಡಿದಿರಿ. ಆ ತಾಯಿಗೆ ಮೆಲ್ಲಗೆ ಏನೋ ಹೇಳಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆದೇ ನಡೆದಿರಿ, ಥಿಯೇಟರಿಗೆ ಕರೆಯುವ ತನಕ.

ಆಮೇಲೆ ಇನ್ನೊಂದು ಫಜೀತಿ. ಮಕ್ಕಳು ಹೊಲಿಗೆಗೆ ಕೈ ಹಾಕದಂತೆ, ಮೊಣಕೈ ಮಡಚಲಾಗದ ಹಾಗೆ ಪಟ್ಟಿ ಕಟ್ಟುತ್ತೇವೆ. ತಂದದ್ದು ಮುಗಿಯಿತು. ನೀವು ಗ್ಲೌಸ್ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಹಳೇ ಬಟ್ಟೆ ಸುತ್ತಿ, ಅಂಚು ಚುಚ್ಚದಂತೆ ಮಡಚಿ ಹೊಲಿದಿರಿ. ನಮ್ಮೂರಾಗಿದ್ದರೆ ಅಡಿಕೆ ಹಾಳೆ ಇತ್ತಲ್ವಾ ಅಂತ ನನಗೆ ನಗು ಬಂತು.

ಹೆಸರು ಕೇಳಲೂ ಮರೆತೆ. ಕೊನೆಯ ದಿನ ನಿಮ್ಮ ಪಾಳಿ ಇರಲಿಲ್ಲ. ಅಲ್ಲಿ ಕಲಿತ ಒಂದೇ ಮಾತು ಉಳಿದುಹೋಯಿತು. ಮಿಸೋತ್ರ, ಅಂದರೆ ಧನ್ಯವಾದ, ಅಕ್ಕಾ. ನೀವು ಹೊಲಿದ ಒಂದು ಪಟ್ಟಿ ನನ್ನ ಬ್ಯಾಗಿನಲ್ಲೇ ಊರಿಗೆ ಬಂದಿದೆ.