ಮಿಲ್ಲಿಲ್ಲದ ಮಿಲ್ ಗೇಟಿಗೆ ಒಂದು ಬೋರ್ಡ್ ಹಾಕಿಸಿ: ದಾವಣಗೆರೆಯ ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಆಟೋ ಹತ್ತಿದೆ. 'ಮಿಲ್ ಗೇಟ್' ಅಂದೆ. ಹುಡುಗ ಮರುಮಾತಾಡದೆ ಸೀದಾ ಕರೆದುಕೊಂಡು ಹೋಗಿ ನಿಲ್ಲಿಸಿದ. ಅಲ್ಲಿ ಮಿಲ್ಲೂ ಇಲ್ಲ, ಗೇಟೂ ಇಲ್ಲ. ಹತ್ತಿ ಮಿಲ್ ಮುಚ್ಚಿದಾಗ ಆ ಹುಡುಗ ಹುಟ್ಟಿರಲೂ ಇಲ್ಲ. ಆದರೂ ಅವನಿಗೆ ಜಾಗ ಗೊತ್ತು.

ಈಗ ಅಲ್ಲಿ ಒಂದು ಕಮಾನು ಇದೆ. ಅದರ ಮೇಲೆ ಇಂಗ್ಲಿಷ್ ಹೆಸರಿನ ಬಡಾವಣೆ. ವಾಚ್‌ಮನ್ ಬಂದು 'ಸೈಟ್ ನೋಡೋಕ್ ಬಂದ್ರಾ?' ಅಂತ ಕೇಳಿದ. ಅಮ್ಮ, 'ಇಲ್ಲಪ್ಪ, ನಮ್ ಮನೆ ನೋಡಾಕ ಬಂದೀವಿ' ಅಂದಳು. ಅವನು ನನ್ನ ಮುಖ ನೋಡಿದ. ನಾನು ಏನಂತ ಹೇಳಲಿ?

ನಮ್ಮ ಮನೆ ಇದ್ದದ್ದು ಮಿಲ್ಲಿನ ಲೈನ್ ಮನೆಗಳಲ್ಲಿ. ಮೂರು ಸಾಲು. ಜಾಬರ್ ಅಂದರೆ ಕೆಲಸಗಾರರ ಮೇಲಿನ ಮೇಸ್ತ್ರಿ. ಜಾಬರ್ ಲೈನಿನ ಮನೆಗಳಿಗೆ ಮುಂದೆ ಕಟ್ಟೆ ಇತ್ತು. ರಿಂಗ್ ಫ್ರೇಮ್ ಅಂದರೆ ನೂಲು ತೆಗೆಯುವ ಮಿಷನ್, ಅದನ್ನು ನಡೆಸುವವರ ರಿಂಗ್ ಫ್ರೇಮ್ ಲೈನಿಗೆ ಕಟ್ಟೆ ಇರಲಿಲ್ಲ, ನಲ್ಲಿ ಇತ್ತು. ಕೊನೆಯದು ಬದಲಿ ಲೈನ್. ಅಲ್ಲಿಯವರಿಗೆ ಕೆಲಸ ಕಾಯಂ ಅಲ್ಲ. ದಿನಾ ಬೆಳಿಗ್ಗೆ ಕಾರ್ಡ್ ಹಿಡಿದು ಗೇಟಿನಲ್ಲಿ ನಿಲ್ಲಬೇಕು. ಯಾರಾದರೂ ಗೈರಾದರೆ ಆ ಜಾಗಕ್ಕೆ ಒಳಗೆ ಕರೆಯುತ್ತಿದ್ದರು. ಇಲ್ಲದಿದ್ದರೆ ವಾಪಸ್. ಅಂದರೆ ರಿಂಗ್ ಫ್ರೇಮ್ ಲೈನಿನಲ್ಲಿ ಯಾರಿಗಾದರೂ ಜ್ವರ ಬಂದರೆ ಬದಲಿ ಲೈನಿನಲ್ಲಿ ಒಲೆ ಹೊತ್ತುತ್ತಿತ್ತು. ಅಪ್ಪ ಆರು ವರ್ಷ ಬದಲಿಯಾಗಿದ್ದ. ಕಾಯಂ ಆದ ದಿನ ನಾವು ಪಾತ್ರೆ ಪಗಡೆ ಹೊತ್ತುಕೊಂಡು ಒಂದು ಸಾಲು ದಾಟಿದೆವು. ನೂರು ಹೆಜ್ಜೆ ಇರಬಹುದು. ಅಮ್ಮ ಇವತ್ತಿಗೂ ಅದನ್ನು ಊರು ಬಿಟ್ಟು ಊರಿಗೆ ಹೋದ ಹಾಗೆ ಹೇಳುತ್ತಾಳೆ.

ಮಿಲ್ಲಿನ ಸೂರು ಗರಗಸದ ಹಲ್ಲಿನ ಹಾಗಿತ್ತು. ಒಂದೊಂದು ಹಲ್ಲಿಗೂ ಒಂದು ಕಡೆ ಶೀಟು, ಇನ್ನೊಂದು ಕಡೆ ಗಾಜು. ಗಾಜೆಲ್ಲ ಬಡಗಣ ದಿಕ್ಕಿಗೆ. ಒಳಗೆ ಬೆಳಕು ಬೇಕು, ಆದರೆ ಬಿಸಿಲು ನೇರ ಬೀಳಬಾರದು, ಅದಕ್ಕೆ ಹಾಗೆ ಕಟ್ಟುತ್ತಿದ್ದರಂತೆ. ಶಾಲೆಯಲ್ಲಿ ಉತ್ತರ ಯಾವ ಕಡೆ ಅಂತ ಕೇಳಿದರೆ ನಾವು ಸೂರ್ಯನನ್ನು ನೋಡುತ್ತಿರಲಿಲ್ಲ, ಮಿಲ್ಲಿನ ಸೂರು ನೋಡಿ ಕೈ ತೋರಿಸುತ್ತಿದ್ದೆವು.

ಒಳಗೆ ಕಿಟಕಿ ತೆಗೆಯುವ ಹಾಗಿರಲಿಲ್ಲ. ಗಾಳಿ ಒಣಗಿದರೆ ನೂಲು ಕಡಿಯುತ್ತದೆ. ಹಾಗಾಗಿ ಸೆಕೆ, ತೇವ, ಜೊತೆಗೆ ಹತ್ತಿಯ ಧೂಳು. ಪಾಳಿ ಮುಗಿಸಿ ಬರುವಾಗ ಅಪ್ಪನ ಹುಬ್ಬು, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಅವನಿಗೆ ನಿಜವಾಗಿ ಯಾವಾಗ ವಯಸ್ಸಾಯಿತು ಅಂತ ನನಗೆ ಗೊತ್ತೇ ಆಗಲಿಲ್ಲ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಅವನಿಗೆ ಎದೆ ಬಿಗಿಯುತ್ತಿತ್ತು. ಎರಡು ದಿನ ಕಳೆದರೆ ಕಡಿಮೆ. ನಮ್ಮ ಹಾಗೆ ಅವನಿಗೂ ರಜೆ ಮುಗಿದರೆ ಬೇಜಾರು ಅಂದುಕೊಂಡು ನಗುತ್ತಿದ್ದೆವು. ಅದು ಹತ್ತಿ ಧೂಳಿನಿಂದ ಬರುವ ಕಾಯಿಲೆ, ಬಿಸಿನೋಸಿಸ್ ಅನ್ನುತ್ತಾರೆ, ರಜೆಯ ಮರುದಿನವೇ ಜಾಸ್ತಿ ಕಾಡುವುದು ಅದರ ಗುಣ ಅಂತ ನಾನು ಓದಿ ತಿಳಿದದ್ದು ಅವನು ಹೋದ ಮೇಲೆ.

ಹೊರಗಿನವರಿಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ. ನಮಗೆ ಅದು ಸಂಬಳದ ದಿನದ ತಿಂಡಿ. ಉಳಿದ ದಿನ ಮಂಡಕ್ಕಿ, ಮೆಣಸಿನಕಾಯಿ. ಪಾಳಿ ಬಿಡುವ ಹೊತ್ತಿಗೆ ಗೇಟಿನ ಮುಂದೆ ಬಾಣಲೆ ಕಾಯುತ್ತಿತ್ತು. ಸೈರನ್ ಕೂಗುವುದಕ್ಕೂ ಮೆಣಸಿನಕಾಯಿ ಎಣ್ಣೆಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ತಿನ್ನುತ್ತಾ ಎಲ್ಲರೂ ಕಿರುಚಿ ಮಾತಾಡುತ್ತಿದ್ದರು. ಎಂಟು ಗಂಟೆ ಮಿಷನ್ನಿನ ಸದ್ದಿನಲ್ಲಿ ಇದ್ದವರಲ್ವಾ? ಮದುವೆ ಮನೆಯಲ್ಲಿ ಮಿಲ್ಲಿನವರು ಯಾರು ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು.

ಮೇ 1 ನಮಗೆ ದುಗ್ಗಮ್ಮನ ಜಾತ್ರೆಗಿಂತ ಒಂದು ಕೈ ಮೇಲು. ಜಾತ್ರೆ ಎರಡು ವರ್ಷಕ್ಕೊಮ್ಮೆ, ಮೆರವಣಿಗೆ ವರ್ಷಾ ವರ್ಷಾ. ಕೆಂಪು ಬಾವುಟ ಹಿಡಿಯಲು ನಮ್ಮಲ್ಲೇ ಕಿತ್ತಾಟ. ಘೋಷಣೆಯ ಅರ್ಥ ಒಂದೂ ಗೊತ್ತಿಲ್ಲ, ಗಂಟಲು ಮಾತ್ರ ನಮ್ಮದು. ನೀವು ಇವತ್ತು ಕೂರುವ ವಿಧಾನಸಭೆಗೆ ಈ ಊರು ಕಾರ್ಮಿಕ ನಾಯಕ, ಸಿಪಿಐನ ಪಂಪಾಪತಿಯವರನ್ನು ಮೂರು ಸಲ ಕಳಿಸಿತ್ತು. ನೀವು ಯಾವ ಪಕ್ಷದವರೇ ಇರಿ, ಆ ಮತಗಳು ಯಾವ ಮನೆಗಳಿಂದ ಬಂದವು ಅನ್ನುವುದು ನಿಮಗೆ ಗೊತ್ತಿರುತ್ತದೆ.

ಮಿಲ್ ಒಂದೇ ದಿನ ಮುಚ್ಚಲಿಲ್ಲ. ಮೊದಲು ರಾತ್ರಿ ಪಾಳಿ ನಿಂತಿತು. ಕರೆಂಟ್ ಇಲ್ಲ ಅಂದರು. ಆಮೇಲೆ ನೂಲಿಗೆ ಬೆಲೆ ಇಲ್ಲ ಅಂದರು. ಮಿಷನ್ ಹಳೆಯದು ಅಂದರು. ಎಲ್ಲವೂ ನಿಜವೇ ಇರಬಹುದು. ಕೊನೆಗೆ ಗೇಟಿಗೆ ಒಂದು ಕಾಗದ ಅಂಟಿಸಿದರು. ಅಪ್ಪ ಮತ್ತು ಅವನ ಜೊತೆಯವರು ಅದಾದ ಮೇಲೂ ತಿಂಗಳುಗಟ್ಟಲೆ ಪಾಳಿಯ ಹೊತ್ತಿಗೆ ಸರಿಯಾಗಿ ಹೋಗಿ ಗೇಟಿನ ಮುಂದೆ ಕೂತು ಬರುತ್ತಿದ್ದರು. ಎಲ್ಲರೂ ಬದಲಿಗಳಾಗಿದ್ದರು. ಬರಬೇಕಾದ ದುಡ್ಡು ವರ್ಷಗಳ ಮೇಲೆ ಬಂತು, ಅದೂ ಪೂರ್ತಿ ಅಲ್ಲ. ಆ ಕಥೆ ಇಲ್ಲಿ ಬೇಡ. ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಆಯಿತು, ಅಮ್ಮ ಈಗಲೂ ಅದೇ ಲೆಕ್ಕ ಹೇಳುತ್ತಿರುತ್ತಾಳೆ. ಅದು ದಿಲ್ಲಿಯ ಕೆಲಸ, ನಿಮ್ಮ ಕೈಯಲ್ಲಿಲ್ಲ. ಸುಮ್ನೆ ಹೇಳಿದೆ.

ಊರು ನಿಲ್ಲಲಿಲ್ಲ. ಸುತ್ತಲಿನ ಹೊಲದಲ್ಲಿ ಹತ್ತಿ ಹೋಗಿ ಮೆಕ್ಕೆಜೋಳ ಬಂತು. ಊರೊಳಗೆ ಕಾಲೇಜುಗಳು ಬೆಳೆದವು. ರಿಂಗ್ ಫ್ರೇಮ್ ನಡೆಸಿದವರು ಕಾಲೇಜಿನ ಗೇಟಿನಲ್ಲಿ ಕೋಲು ಹಿಡಿದು ನಿಂತರು. ಅವರ ಮಕ್ಕಳು ನಾವು ಅದೇ ಗೇಟು ದಾಟಿ ಒಳಗೆ ಹೋಗಿ ಓದಿದೆವು. ಹಾಗಾಗಿ ಬಾಯಿ ಬಿಟ್ಟು ಬೈಯುವುದಕ್ಕೂ ಆಗುವುದಿಲ್ಲ ನೋಡಿ.

ಈಗ ನನ್ನ ಬೇಡಿಕೆ. ನನ್ನ ಶಾಲೆಯ ಟಿಸಿಯಲ್ಲಿ ವಿಳಾಸ 'ಬದಲಿ ಲೈನ್' ಅಂತಲೇ ಇದೆ. ಒಂದು ಕಚೇರಿಯಲ್ಲಿ ಅದನ್ನು ನೋಡಿ ಗುಮಾಸ್ತರು, 'ಇಂಥ ಏರಿಯಾನೇ ಇಲ್ಲ, ಬದಲಿ ವಿಳಾಸ ತನ್ನಿ' ಅಂದರು. ತಮ್ಮ ಮಾತಿಗೆ ತಾವೇ ನಕ್ಕರು. ನನಗೂ ನಗು ಬಂತು. ಆಮೇಲೆ ಮನೆಗೆ ಬರುವ ತನಕ ಅದೇ ಮಾತು ಕೊರೆಯುತ್ತಿತ್ತು. ಆಟೋದವರಿಗೆ ಗೊತ್ತು, ಸಿಟಿ ಬಸ್ಸಿನ ಕಂಡಕ್ಟರ್ 'ಮಿಲ್ ಗೇಟ್, ಮಿಲ್ ಗೇಟ್' ಅಂತ ಕೂಗುತ್ತಾರೆ. ಗೊತ್ತಿಲ್ಲದಿರುವುದು ಕಾಗದಕ್ಕೆ ಮಾತ್ರ.

ಬಡಾವಣೆಯ ಹೆಸರು ಕಿತ್ತುಹಾಕಿ ಅನ್ನುತ್ತಿಲ್ಲ. ಸೈಟ್ ಕೊಂಡವರು ಸಾಲ ಮಾಡಿ ಕೊಂಡಿರುತ್ತಾರೆ, ಅವರಿಗೆ ಬೇಕಾದ ಹೆಸರು ಅವರಿಗಿರಲಿ. ಪ್ರತಿಮೆಯೂ ಬೇಡ. ಯಾರದ್ದು ಮಾಡಿಸುತ್ತೀರಿ, ಜಾಬರನದ್ದೋ ಬದಲಿಯವನದ್ದೋ? ಅದಕ್ಕೆ ಬೇರೆ ಜಗಳ. ಬಸ್ ಸ್ಟಾಪಿಗೆ 'ಮಿಲ್ ಗೇಟ್' ಅಂತ ಒಂದು ಬೋರ್ಡ್ ಹಾಕಿಸಲು ಪಾಲಿಕೆಗೆ ಹೇಳಿ. ಒಳಗಿನ ಅಡ್ಡರಸ್ತೆಗಳಿಗೆ ಇನ್ನೂ ನಂಬರ್ ಮಾತ್ರ ಇದೆ. ಅದರಲ್ಲಿ ಮೂರಕ್ಕೆ ಜಾಬರ್ ಲೈನ್, ರಿಂಗ್ ಫ್ರೇಮ್ ಲೈನ್, ಬದಲಿ ಲೈನ್ ಅಂತ ಹಳೆಯ ಹೆಸರುಗಳನ್ನೇ ಇಡಿಸಿ.

ಮೂರೂ ಆಗುವುದಿಲ್ಲ ಅಂದರೆ ಬದಲಿ ಲೈನ್ ಒಂದಾದರೂ ಆಗಲಿ. ಕನ್ನಡದಲ್ಲಿ, ಸ್ವಲ್ಪ ದಪ್ಪಕ್ಷರದಲ್ಲಿ ಬರೆಸಿ. ಅಮ್ಮನಿಗೆ ಕಣ್ಣು ಮಂಜಾಗಿದೆ, ಆಟೋದಲ್ಲಿ ಕೂತೇ ಓದುವ ಹಾಗಿರಬೇಕು.

ಇಂತಿ,
ರಿಂಗ್ ಫ್ರೇಮ್ ಲೈನಿನ ಒಬ್ಬ ಮಗ