ಮರಿಯನ್ನು ವಾಪಸ್ ತರುವ ಮೊದಲು

ಪ್ರೀತಿಯ ಮಗಳಿಗೆ ಕಾಕಾನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ಅಳುತ್ತಾ "ಕಾಕಾ, ಈ ನಾಯಿಮರಿ ಮನೆಯೊಳಗೇ ಉಚ್ಚೆ ಮಾಡುತ್ತದೆ, ಕಚ್ಚುತ್ತದೆ, ರಾತ್ರಿ ಅಳುತ್ತದೆ. ಮುಧೋಳಕ್ಕೇ ವಾಪಸ್ ತಂದುಬಿಡಲಾ?" ಎಂದೆ. ನಾಲ್ಕು ದಿನದಿಂದ ನಿದ್ದೆಗೆಟ್ಟವಳಿಗೆ ಆಗ ಏನು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕಿನ್ನೂ ಎರಡೂವರೆ ತಿಂಗಳು. ಆ ವಯಸ್ಸಿನ ಮರಿ ಎರಡು-ಮೂರು ತಾಸಿಗಿಂತ ಜಾಸ್ತಿ ಉಚ್ಚೆ ತಡೆದುಕೊಳ್ಳಲಾರದು. ಹಟಕ್ಕೆ ಮಾಡುತ್ತಿದೆ ಅಂದುಕೊಳ್ಳಬೇಡ. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಮೇಲೆ, ಆಡಿ ದಣಿದ ಮೇಲೆ ಎತ್ತಿಕೊಂಡು ಹೋಗಿ ಬಾಲ್ಕನಿಯ ಅದೇ ಮೂಲೆಯಲ್ಲಿ ಬಿಡು. ರಾತ್ರಿಯೂ ಅಲಾರಂ ಇಟ್ಟು ಏಳು. ಮಾಡಿದ ತಕ್ಷಣ, ಅಲ್ಲೇ ನಿಂತು, ಬೇಯಿಸಿದ ಕೋಳಿಯ ಒಂದು ಚೂರು ಕೊಡು. ಒಳಗೆ ಬಂದ ಮೇಲೆ ಕೊಟ್ಟರೆ ಯಾತಕ್ಕೆ ಕೊಟ್ಟೆ ಅಂತ ಅದಕ್ಕೆ ತಿಳಿಯುವುದಿಲ್ಲ. ಹಾಲ್‌ನಲ್ಲೇ ಮಾಡಿತೋ, ಸುಮ್ನೆ ವಿನೆಗರ್ ಬೆರೆಸಿದ ನೀರಿನಿಂದ ಒರೆಸು. ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತದೆ.

ಹೊಡೆಯಬೇಡ. ನಿನ್ನ ವಯಸ್ಸಿನಲ್ಲಿ ನಾನೂ ಒಂದು ಮರಿ ತಂದಿದ್ದೆ. ಒಳಗೆ ಉಚ್ಚೆ ಮಾಡಿದಾಗೆಲ್ಲ ಮೂತಿಯನ್ನು ಅದರಲ್ಲೇ ಒತ್ತಿ, ಪೇಪರ್ ಸುರುಳಿ ಸುತ್ತಿ ಹೊಡೆಯುತ್ತಿದ್ದೆ. ಅದು ಕಲಿತದ್ದು ಒಂದೇ, ನನ್ನ ಕಣ್ಣಿಗೆ ಬೀಳದಂತೆ ಜೋಳದ ಚೀಲಗಳ ಹಿಂದೆ ಹೋಗಿ ಮಾಡುವುದು. ದೊಡ್ಡದಾದ ಮೇಲೂ ನಾನು ಟವೆಲ್ ಕೊಡವಲು ಕೈ ಎತ್ತಿದರೆ ನೆಲಕ್ಕೆ ಅಂಟಿಕೊಂಡು ಕೂರುತ್ತಿತ್ತು. ಹನ್ನೊಂದು ವರ್ಷ ನಮ್ಮ ಮನೆಯಲ್ಲಿತ್ತು. ಆ ಹೆದರಿಕೆ ಕೊನೆಗೂ ಹೋಗಲಿಲ್ಲ. ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಚ್ಚುವುದಕ್ಕೂ ಬೇಸರಪಡಬೇಡ. ಅದಕ್ಕಿರುವುದು 28 ಹಾಲುಹಲ್ಲು. ನಾಲ್ಕನೇ ತಿಂಗಳಿಂದ ಬೀಳತೊಡಗಿ, ಏಳರ ಹೊತ್ತಿಗೆ 42 ಹಲ್ಲು ಬಂದಿರುತ್ತವೆ. ಅಲ್ಲಿಯವರೆಗೆ ಕೈ ಕಚ್ಚಿದರೆ ಆಟ ನಿಲ್ಲಿಸಿ ಎದ್ದು ಹೋಗು. ಫ್ರಿಜ್‌ನಲ್ಲಿಟ್ಟ ಒದ್ದೆ ಬಟ್ಟೆಯ ಗಂಟು ಕೊಡು, ನೀನು ಎದುರಿಗಿದ್ದಾಗ ಮಾತ್ರ.

'ಕರವಾನಿ ನಾಯಿ ಹೇಳಿದ ಮಾತು ಕೇಳಲ್ಲ' ಅಂತ ಯಾರೋ ಅಂದರು ಎಂದೆಯಲ್ಲ, ಕರವಾನಿ ಅಂದರೆ ನಮ್ಮ ಮುಧೋಳ ನಾಯಿಯೇ. 2016ರಲ್ಲಿ ಮುಧೋಳದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ಕಲಿಯದ ಜಾತಿಯನ್ನು ಸೈನ್ಯದವರು ಕರೆದೊಯ್ಯುತ್ತಿದ್ದರಾ? ಆದರೆ ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಬೆಕ್ಕು ಓಡಿದ್ದು ಕಂಡರೆ ನಿನ್ನ ಕೂಗು ಅದಕ್ಕೆ ಕೇಳಿಸದು. ಹಾಗಾಗಿ ಬೆಳೆದ ಮೇಲೂ ರಸ್ತೆಯಲ್ಲಿ ಹಗ್ಗ ಬಿಡಬೇಡ. ಕರೆದರೆ ಬರುವುದನ್ನು ಮನೆಯೊಳಗೇ ಕಲಿಸು, ಒಂದು ರೂಮಿನಿಂದ ಇನ್ನೊಂದಕ್ಕೆ, ಒಂದು ಸಲಕ್ಕೆ ಐದು ನಿಮಿಷ ಸಾಕು. ಹೆಸರು ಹಿಡಿದು ಕರೆದು ಯಾವತ್ತೂ ಬೈಯಬೇಡ. ಸ್ನಾನಕ್ಕೋ ಔಷಧಿಗೋ ಆದರೆ ನೀನೇ ಹೋಗಿ ಎತ್ತಿಕೊ.

ಲಸಿಕೆ ಎಲ್ಲ ಮುಗಿಯುವ ತನಕ ಬೀದಿಯಲ್ಲಿ ಇಳಿಸಬೇಡ, ನಿಜ. ಹಾಗಂತ ಬಾಗಿಲು ಹಾಕಿ ಇಡಲೂಬೇಡ. ಹೊಸದಕ್ಕೆ ಹೆದರದೆ ಒಗ್ಗಿಕೊಳ್ಳುವ ಕಾಲ ಇದು, ಮೂರೂವರೆ ತಿಂಗಳ ಹೊತ್ತಿಗೆ ಕಡಿಮೆಯಾಗುತ್ತದೆ. ಎತ್ತಿಕೊಂಡೇ ಗೇಟಿನ ಬಳಿ ನಿಲ್ಲು. ಆಟೋ, ಕಸದ ಗಾಡಿಯ ಹಾಡು, ಹೂ ಮಾರುವವರ ಕೂಗು, ಎಲ್ಲ ಕೇಳಲಿ.

ರಾತ್ರಿ ಅಳುತ್ತದೆ ಅಂದೆ. ಮೊನ್ನೆಯವರೆಗೆ ಒಡಹುಟ್ಟಿದವುಗಳ ಮೈಗೆ ಮೈ ತಾಗಿಸಿ ಮಲಗಿದ್ದ ಜೀವ ಅಲ್ವಾ? ಅದರ ಹಾಸಿಗೆಯನ್ನು ನಿನ್ನ ಮಂಚದ ಪಕ್ಕಕ್ಕೇ ತಾ.

ಶನಿವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಮರಿಗೆ ಹಾಸಲು ಕಾಕು ಎರಡು ಹಳೆಯ ಸೀರೆ ತೆಗೆದಿಟ್ಟಿದ್ದಾಳೆ. ಒಂದು ವಾರ ಇರುತ್ತೇನೆ, ರಾತ್ರಿ ಏಳುವ ಕೆಲಸ ನನಗೆ ಬಿಡು. ನೀನು ಮಲಗು.

ನಿನ್ನ ಕಾಕಾ