ಸರಿ ಹೋಗ್ತಾನಾ ಅಂತ ಕೇಳಿದೆಯಲ್ಲ

ಮೈಸೂರು
ಮಂಗಳವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ರಾತ್ರಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ತನಗೆ ಹುಡುಗಿಯರ ಮೇಲೆ ಮನಸ್ಸಿಲ್ಲ, ಹುಡುಗರೇ ಇಷ್ಟ ಅಂತ ಮಗ ನಿನ್ನ ಎದುರು ಕೂತು ಹೇಳಿದ. ನೀನು ಅಡುಗೆಮನೆ ಬಾಗಿಲು ಹಾಕಿಕೊಂಡು ನನಗೆ ಫೋನ್ ಮಾಡಿದೆ. "ಸರಿ ಹೋಗ್ತಾನಾ ದೊಡ್ಡಮ್ಮ? ಒಳ್ಳೆ ಡಾಕ್ಟರ್ ಯಾರಾದರೂ ಗೊತ್ತಾ?" ಅಂದೆ. ನನಗೆ ಬಾಯಿಯೇ ಬರಲಿಲ್ಲ. ಆಮೇಲೆ ಮಾತಾಡೋಣ ಅಂತ ಇಟ್ಟುಬಿಟ್ಟೆ. ಯಾಕೆ ಅಂತ ಈಗ ಹೇಳುತ್ತೇನೆ.

ನಾನು ನರ್ಸ್ ಆಗಿದ್ದದ್ದು ನಿನಗೆ ಗೊತ್ತು. ಶುರುವಿನ ಕೆಲವು ವರ್ಷ ಮಾನಸಿಕ ರೋಗಿಗಳ ವಾರ್ಡಿನಲ್ಲಿದ್ದೆ. ಅಲ್ಲಿನ ಈ ಒಂದು ಸಂಗತಿಯನ್ನು ನಿನ್ನ ಅಮ್ಮನಿಗೂ ಹೇಳಿರಲಿಲ್ಲ. 1983ರಲ್ಲಿ ಒಬ್ಬ ಹುಡುಗನನ್ನು ಅವರಪ್ಪ ಕರೆದುಕೊಂಡು ಬಂದು ಸೇರಿಸಿದರು. ಅವನಿಗೆ ಇಪ್ಪತ್ತು ದಾಟಿರಲಿಲ್ಲ. ಊಟ, ನಿದ್ದೆ, ಮಾತು ಎಲ್ಲ ಸರಿಯಾಗಿತ್ತು. ಅವನಿಗಿದ್ದ "ಕಾಯಿಲೆ" ನಿನ್ನ ಮಗ ಹೇಳಿದ್ದೇ. ಕತ್ತಲೆ ಕೋಣೆಯಲ್ಲಿ ಕೂರಿಸಿ ಗೋಡೆ ಮೇಲೆ ಚಿತ್ರ ಬಿಡುತ್ತಿದ್ದರು. ಗಂಡಸಿನ ಚಿತ್ರ ಬಂದರೆ ಕೈಗೆ ಕರೆಂಟು. ಹೆಂಗಸಿನ ಚಿತ್ರ ಬಂದರೆ ಕರೆಂಟು ನಿಲ್ಲುತ್ತಿತ್ತು. ಅವನ ಮುಂಗೈಗೆ ಪಟ್ಟಿ ಕಟ್ಟುತ್ತಿದ್ದವಳು ನಾನು. ಉಪ್ಪುನೀರಿನ ಹತ್ತಿಯಲ್ಲಿ ಚರ್ಮ ಒರೆಸಿ ಕಟ್ಟಬೇಕಿತ್ತು. ನಾನು ಒರೆಸುವಾಗಲೇ ಅವನ ಬೆರಳು ನಡುಗುತ್ತಿದ್ದವು. ಮನೆಗೆ ಹೊರಟ ದಿನ ನನ್ನ ಹತ್ತಿರ ಬಂದ. "ಸಿಸ್ಟರ್, ನಾನು ಸರಿ ಹೋದೆ ಅಂತ ಅಪ್ಪನಿಗೆ ನೀವೇ ಹೇಳಿ" ಅಂದ. ನಾನು ಹೇಳಿದೆ. ಅದು ಸುಳ್ಳು ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಆಮೇಲೆ ಏನಾದ ಎಂದು ಇವತ್ತಿಗೂ ಯೋಚಿಸುತ್ತೇನೆ.

ಅದಕ್ಕೇ ಡಾಕ್ಟರ ಹೆಸರು ನನ್ನನ್ನು ಕೇಳಬೇಡ ಪುಟ್ಟೀ.

ಅಷ್ಟು ಹೊತ್ತಿಗೆ ಅಮೆರಿಕದ ಮನೋವೈದ್ಯರ ಸಂಘ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದು ಹತ್ತು ವರ್ಷವಾಗಿತ್ತು ಅಂತ ನನಗೆ ತಿಳಿದದ್ದು ರಿಟೈರ್ ಆದ ಮೇಲೆ. ಅಲ್ಲಿ ಅದು ಸುಮ್ಮನೆ ಆಗಲಿಲ್ಲ. 1972ರಲ್ಲಿ ಡಲ್ಲಾಸ್‌ನಲ್ಲಿ ಆ ಸಂಘದ ಸಭೆ. ಜಾನ್ ಫ್ರೈಯರ್ ಎಂಬ ಮನೋವೈದ್ಯರು ವೇದಿಕೆಗೆ ಬಂದರು. ಮುಖಕ್ಕೆ ರಬ್ಬರಿನ ಮುಖವಾಡ, ಮೈಮೇಲೆ ಅಳತೆ ಮೀರಿದ ದೊಗಳೆ ಕೋಟು, ದನಿ ಗುರುತು ಸಿಗದ ಹಾಗೆ ಬದಲಿಸುವ ಮೈಕು. ಹೆಸರು ಹೇಳಲಿಲ್ಲ. ನಾನು ಸಲಿಂಗಿ, ನಾನು ಮನೋವೈದ್ಯ ಎಂದಷ್ಟೇ ಹೇಳಿ ಮಾತು ಶುರು ಮಾಡಿದರು. ಎದುರಿಗೆ ಕೂತವರೆಲ್ಲ ಅವರನ್ನು ರೋಗಿ ಎನ್ನುತ್ತಿದ್ದ ಡಾಕ್ಟರುಗಳೇ. ಹೀಗೆ ಅಂತ ಗೊತ್ತಾಗಿ ಫ್ರೈಯರ್ ಅದಕ್ಕೆ ಮೊದಲೇ ಕೆಲಸ ಕಳೆದುಕೊಂಡಿದ್ದರು. ಮರುವರ್ಷ, 1973ರ ಡಿಸೆಂಬರಿನಲ್ಲಿ, ಸಂಘ ತನ್ನ ನಿಲುವು ಬದಲಿಸಿತು. ಆ ಮುಖವಾಡದ ಹಿಂದೆ ಇದ್ದದ್ದು ನಾನೇ ಎಂದು ಸಂಘದ ಎದುರು ಹೇಳಲು ಅವರಿಗೆ 1994ರ ತನಕ ಬೇಕಾಯಿತು. ನಿನ್ನ ಮಗ ಮುಖವಾಡ ಇಲ್ಲದೆ, ನಿನ್ನ ಎದುರು ಕೂತು ಹೇಳಿದ್ದಾನೆ. ಅವನಿಗೆ ನಿನ್ನ ಮೇಲೆ ಎಷ್ಟು ನಂಬಿಕೆ ಇರಬೇಕು, ನೋಡು.

ವಿಶ್ವ ಆರೋಗ್ಯ ಸಂಸ್ಥೆಯೂ 1990ರ ಮೇ 17ರಂದು ಇದನ್ನು ಪಟ್ಟಿಯಿಂದ ತೆಗೆಯಿತು. ನಮ್ಮ ದೇಶದ ಮನೋವೈದ್ಯರ ಸಂಘ 2018ರಲ್ಲಿ ಇದು ಕಾಯಿಲೆಯಲ್ಲ ಎಂದು ಹೇಳಿತು.

ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗ್ ಅಂತ ಒಬ್ಬರಿದ್ದರು. ಯುದ್ಧದಲ್ಲಿ ಜರ್ಮನರ ಗುಪ್ತ ಸಂದೇಶ ಬಿಡಿಸಿದ ಗಣಿತಜ್ಞ. ಕಂಪ್ಯೂಟರ್ ಓದುವ ನಿನ್ನ ಮಗನಿಗೆ ಅವರು ಚೆನ್ನಾಗಿ ಗೊತ್ತಿರುತ್ತಾರೆ. ಗಂಡಸಿನ ಜೊತೆ ಸಂಬಂಧವಿತ್ತು ಅಂತ 1952ರಲ್ಲಿ ಶಿಕ್ಷೆಯಾಯಿತು. ಜೈಲು ಬೇಡವೆಂದರೆ ಹಾರ್ಮೋನ್ ಚಿಕಿತ್ಸೆಗೆ ಒಪ್ಪಿಕೋ ಎಂದರು. ಒಪ್ಪಿಕೊಂಡರು. 1954ರಲ್ಲಿ, ಇನ್ನೂ 41 ವರ್ಷ, ತೀರಿಕೊಂಡರು. ಈಗ 50 ಪೌಂಡಿನ ನೋಟಿನ ಮೇಲೆ ಅವರ ಮುಖವಿದೆ. ಅವರ ತಾಯಿಗೆ ಆ ನೋಟಿನಿಂದ ಏನು ಸಿಕ್ಕಿತು?

ಇದೆಲ್ಲ ನಮ್ಮ ಸಂಸ್ಕೃತಿಯಲ್ಲ ಅಂತ ಅಳಿಯಂದಿರು ಅಂದರಂತೆ. ಅವರಿಗೆ ಬೇಜಾರಾಗದ ಹಾಗೆ ಹೇಳು: ಇದನ್ನು ಅಪರಾಧ ಮಾಡಿದ 377ನೇ ಕಲಮು ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯದ್ದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಅದರ ಹಲ್ಲು ಕಿತ್ತರು. ವಯಸ್ಕರಿಬ್ಬರು ಒಪ್ಪಿ ಪ್ರೀತಿಸಿದರೆ ಅದು ಅಪರಾಧವಲ್ಲ ಎಂದರು. ಈ ಜನರಿಗೂ ಅವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕು ಎಂದು ಆ ತೀರ್ಪಿನಲ್ಲಿ ಬರೆದವರು ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಮನೆಯವರು ಅಂದರೆ ನೀನು ಕೂಡ. ಇನ್ನೊಂದು ವಿಷಯ, ಆ ತೀರ್ಪಿಗೆ ದಾರಿ ಮಾಡಿಕೊಟ್ಟದ್ದು ಖಾಸಗಿತನ ಎಲ್ಲರ ಮೂಲಭೂತ ಹಕ್ಕು ಎಂದ ಅದರ ಹಿಂದಿನ ವರ್ಷದ ತೀರ್ಪು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಕೋರ್ಟಿಗೆ ಹೋದದ್ದು ಆಧಾರ್ ವಿಷಯಕ್ಕೆ. ಅದರ ಫಲ ನಮ್ಮ ಹುಡುಗನ ತನಕ ಬಂತು.

ನಿನಗೆ ಅರ್ಥವಾಗುತ್ತಿಲ್ಲ, ಅದಕ್ಕೇ ಭಯ. ಅದು ತಪ್ಪಲ್ಲ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರಿಗೂ ಮೊದಲು ಅರ್ಥವಾಗಲಿಲ್ಲ. ಮಧುರೈನ ಇಬ್ಬರು ಹುಡುಗಿಯರು ಜೊತೆಗಿರಬೇಕೆಂದು ಚೆನ್ನೈಗೆ ಬಂದಿದ್ದರು. ಹೆತ್ತವರು ಪೊಲೀಸರಿಗೆ ದೂರು ಕೊಟ್ಟರು. ಹುಡುಗಿಯರು ರಕ್ಷಣೆ ಕೇಳಿ ಕೋರ್ಟಿಗೆ ಹೋದರು. ಈ ವಿಷಯ ನನಗೇ ಇನ್ನೂ ಪೂರ್ತಿ ತಿಳಿದಿಲ್ಲ ಎಂದು ನ್ಯಾಯಮೂರ್ತಿಗಳು ಒಪ್ಪಿಕೊಂಡರು. ತಾವೇ ಒಬ್ಬ ಮನಶ್ಶಾಸ್ತ್ರಜ್ಞೆಯ ಎದುರು ಕೂತು ಕೇಳಿ ಕಲಿತರು. ಆಮೇಲೆ 2021ರ ಜೂನ್ 7ರಂದು ಆದೇಶ ಬರೆದರು. ಇಂಥವರನ್ನು "ಗುಣ ಮಾಡುತ್ತೇವೆ" ಎನ್ನುವ ಚಿಕಿತ್ಸೆ ನಡೆಯಕೂಡದು ಎಂದರು. ಹಾಗೆ ಮಾಡುವ ಡಾಕ್ಟರ ಮೇಲೆ ಈಗ ಕ್ರಮ ತೆಗೆದುಕೊಳ್ಳಬಹುದು. ಅಂಥ ದೊಡ್ಡ ಸ್ಥಾನದಲ್ಲಿದ್ದವರು ಗೊತ್ತಿಲ್ಲ ಅಂತ ಹೇಳಿ ಕಲಿಯಬಹುದಾದರೆ ನಿನಗೆ ಯಾಕೆ ಆಗಲ್ಲ?

ಮದುವೆ ಮಾಡಿದರೆ ಸರಿ ಹೋಗುತ್ತದೆ ಅಂತ ಯಾರಾದರೂ ಬಂದೇ ಬರುತ್ತಾರೆ. ಕಿವಿ ಕೊಡಬೇಡ. ಆ ಹುಡುಗಿಯೂ ಯಾರದೋ ಮನೆ ಮಗಳು. ಏನೂ ಗೊತ್ತಿಲ್ಲದೆ ಬಂದು, ತನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡು ದಿನ ತಳ್ಳುತ್ತಾಳೆ. ಇದು ಪಾಪದ ಕೆಲಸ. ಹರಕೆ, ಜಾತಕ, ಶಾಂತಿ ಅಂತಲೂ ಓಡಾಡಬೇಡ. ದೇವಸ್ಥಾನಕ್ಕೆ ಹೋಗು, ಬೇಡ ಅನ್ನಲ್ಲ. ಮಗನನ್ನು ಬದಲಿಸು ಅಂತ ಬೇಡಿಕೊಳ್ಳಬೇಡ, ಅಷ್ಟೇ.

ಮುಂದೆ ಎಲ್ಲ ಸುಲಭ ಅಂತ ನಾನು ಹೇಳುವುದಿಲ್ಲ. ಮದುವೆಯ ಹಕ್ಕನ್ನು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಎಂದಿತು. ಬಾಡಿಗೆ ಮನೆ, ಆಫೀಸು, ನೆಂಟರ ಮದುವೆ ಮನೆ, ಎಲ್ಲ ಕಡೆ ಅವನಿಗೆ ಮಾತು ಬೀಳುತ್ತದೆ. ಹೊರಗೆ ಅಷ್ಟು ಇರುವಾಗ ಮನೆಯಲ್ಲೂ ಅವನು ಬೆರಳು ನಡುಗಿಸಿಕೊಂಡು ಕೂರಬಾರದು.

ಶನಿವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಅವನಿಗೆ ಅಂತ ಕೋಡುಬಳೆ ಮಾಡಿಟ್ಟಿದ್ದೇನೆ. ನೀನು ನನಗೆ ಹೇಳಿದ್ದು ಅವನಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಇವತ್ತೇ ಹೇಳಿಬಿಡು. ಅವನನ್ನು ಕೇಳದೆ ಇನ್ನು ಯಾರಿಗೂ, ನಿನ್ನ ಅಮ್ಮನಿಗೂ ಹೇಳಬೇಡ. ನಾನು ಬಂದಾಗ ಈ ವಿಷಯ ಮಾತಾಡಬಹುದಾ, ಬೇಡವಾ ಅಂತ ಅವನನ್ನೇ ಕೇಳಿ ನನಗೆ ಫೋನ್ ಮಾಡು. ಬೇಡ ಅಂದರೆ ಕೋಡುಬಳೆ ಕೊಟ್ಟು, ಅವನ ಪಕ್ಕ ಸುಮ್ಮನೆ ಕೂತು ಬರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ